ಬದನೆ ತೋಟಕ್ಕೆ ನಡೆದು ಬಂದದ್ದು

ಇವತ್ತು ಬೆಳಿಗ್ಗೆ ಹಿತ್ತಲಿನಿಂದ ಬದನೆಕಾಯಿ ಸುಡುವ ವಾಸನೆ ಬಂತು. ಗ್ಯಾಸಿನ ಉರಿಯಲ್ಲಿ ಸುಟ್ಟದ್ದಲ್ಲ, ಕೆಂಡದ ಮೇಲೆ ಸುಟ್ಟದ್ದು. ಸಿಪ್ಪೆ ಕರಿಕಾಗಿ ಬಿರಿದು, ಒಳಗಿನ ರಸ ಕೆಂಡಕ್ಕೆ ತೊಟ್ಟಿಕ್ಕಿದಾಗ ಒಂದು ಸಿಹಿಯಾದ ಹೊಗೆ ಏಳುತ್ತದಲ್ಲ, ಆ ವಾಸನೆ. ವೈನಿ ಬಂದಾಗಲೆಲ್ಲ ಬೀದರದ ನಮ್ಮ ಮನೆಯಲ್ಲಿ ಇದು ತಪ್ಪುವುದಿಲ್ಲ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಕಸ್ತೂರಿಬಾಯಿ. ಅಣ್ಣ ತೀರಿಕೊಂಡ ಮೇಲೆ ಭಾಲ್ಕಿಯಲ್ಲಿ ಮಗನ ಜೊತೆ ಇದ್ದಾರೆ. ಆಗಾಗ ನಮ್ಮಲ್ಲಿಗೆ ಬಂದು, ಹಿತ್ತಲಲ್ಲಿ ಇದ್ದಿಲ ಒಲೆ ಹಚ್ಚಿ, ನನ್ನ ಸೊಸೆಯ ಸ್ವಚ್ಛವಾದ ಅಡುಗೆಮನೆಗೆ ಒಂದಿಷ್ಟು ಬೂದಿ ಹಾರಿಸಿ ಹೋಗುತ್ತಾರೆ.

ಇಂಥ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಊಟ ನೆನಪಾಗುತ್ತದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ನನಗೆ ನೆನಪಾಗುವುದು ಕಾಯಿಯನ್ನೇ ಬಿಡದೆ ನೆಲಕ್ಕೆ ಒರಗಿದ ಒಂದು ಬದನೆ ತೋಟ. ನೆನಪಿನ ದಾರಿಯೇ ಹೀಗೆ ಓರೆಕೋರೆ. ಅದನ್ನು ನಾನು ಪೂರ್ತಿ ನಂಬುವವನಲ್ಲ. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದಿರುವುದೂ ಅದಕ್ಕೇ, ನೆನಪಿನ ಮೇಲೊಂದು ಕಾವಲು ಇರಲಿ ಎಂದು. ಆದರೆ ಕಾವಲುಗಾರ ಎಂಥವನೆಂದು ಕೇಳಿ. ಈಗ ನಾನು ಹೇಳಲಿರುವ ಕತೆಯ ಅತಿ ಮುಖ್ಯವಾದ ದಿನದಂದು ನನ್ನ ಡೈರಿ ಹೇಳುವುದಿಷ್ಟೇ: ‘ಬೀದರಕ್ಕೆ ಹೋಗಿದ್ದೆ. ಚಹಾ ಚೆನ್ನಾಗಿರಲಿಲ್ಲ.’ ಹಾಗಾಗಿ ಮುಂದಿನದನ್ನು ನನ್ನ ಮಾತಿನ ಮೇಲೆಯೇ ನೀವು ನಂಬಬೇಕು, ಅಥವಾ ನಾನು ನಂಬುವಷ್ಟು ಮಾತ್ರ ನಂಬಬೇಕು.

ಆಗ ನಿಜಾಮರ ರಾಜ್ಯ. ನಮ್ಮದು ಔರಾದ ತಾಲ್ಲೂಕಿನ ಎಕಂಬಾ. ನಾನು ಹೈದರಾಬಾದಿನಲ್ಲಿ ಓದು ಮುಗಿಸಿ, ನೌಕರಿಯ ಹುಕುಮು ಬರಬಹುದೆಂದು ಕಾಯುತ್ತ ಮನೆಯಲ್ಲಿ ಬಿದ್ದುಕೊಂಡಿದ್ದೆ. ಬಿದ್ದುಕೊಂಡಿದ್ದೆ ಎನ್ನುವುದು ಅವ್ವನ ಶಬ್ದ. ಅಣ್ಣ ಹೊಲ ನೋಡುತ್ತಿದ್ದ, ನಾನು ಪುಸ್ತಕ ನೋಡುತ್ತಿದ್ದೆ, ಅವ್ವ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಹೊಲದ ಲೆಕ್ಕವೆಲ್ಲ ಅಣ್ಣನ ಕೈಗೆ ಬಂದಿದ್ದರೂ ಬಾವಿಯ ಪಕ್ಕದ ಕಾಯಿಪಲ್ಯದ ತೋಟ ಮಾತ್ರ ಅವ್ವನದು. ಅದರಲ್ಲೂ ಬದನೆ. ಮಠದ ದಾಸೋಹಕ್ಕೆ ಶ್ರಾವಣದಿಂದ ದೀಪಾವಳಿಯವರೆಗೆ ನಮ್ಮ ಮನೆಯ ಬದನೆಯೇ ಹೋಗಬೇಕು. ಇದು ನಮ್ಮ ಅಜ್ಜಿಯ ಕಾಲದಿಂದ ನಡೆದುಬಂದದ್ದು. ಬುಟ್ಟಿ ಹೊತ್ತು ಹೋದ ಆಳಿನ ಬಳಿ, ಮಠದಲ್ಲಿ ಉಂಡವರು ಏನೆಂದರು ಎಂದು ಅವ್ವ ಕೇಳುತ್ತಿದ್ದಳು. ಭಕ್ತಿಯಲ್ಲಿ ಅಷ್ಟು ಮಟ್ಟಿನ ಅಹಂಕಾರವನ್ನು ಶಿವ ಕ್ಷಮಿಸುತ್ತಾನೆಂದು ಆಕೆಯ ನಂಬಿಕೆ.

ಆ ವರ್ಷದ ಬೇಸಗೆಯಲ್ಲಿ ಅಣ್ಣನ ಮದುವೆಯಾಯಿತು. ಹೆಣ್ಣು ಭಾಲ್ಕಿಯವಳು. ನಮ್ಮ ಕಡೆ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಎಲ್ಲ ಊರಲ್ಲೂ ಇತ್ತೋ, ನಮ್ಮ ನಾಲ್ಕಾರು ಮನೆತನಗಳಲ್ಲಿ ಮಾತ್ರವೋ ನನಗೆ ತಿಳಿಯದು. ಹೊಸ ಸೊಸೆ ತವರಿನಿಂದ ಗಂಡನ ಮನೆಗೆ ಬರುವಾಗ ಅವಳ ತಾಯಿ ಒಂದು ಬುಟ್ಟಿಯಲ್ಲಿ ಕಾಯಿಪಲ್ಯದ ಸಸಿಗಳನ್ನು ಅವು ಬೆಳೆದ ಮಣ್ಣಿನ ಸಮೇತ ಕಳಿಸಬೇಕು. ಬೇರಿಗೆ ಅಂಟಿದ ಮಣ್ಣನ್ನು ಕೊಡವಬಾರದು. ಹುಡುಗಿಯೂ ಸಸಿಯೂ ತವರಿನ ಮಣ್ಣನ್ನು ಒಂದಿಷ್ಟು ಜೊತೆಗೆ ತಂದರೆ ಹೊಸ ನೆಲದಲ್ಲಿ ಬೇಗ ಬೇರು ಬಿಡುತ್ತಾರೆ ಎಂಬ ಕಲ್ಪನೆ. ಈಗಲೂ ನನಗೆ ಇದು ಬಹಳ ಸುಂದರವಾಗಿ ಕಾಣುತ್ತದೆ. ಅಪಾಯದ ಕೆಲಸಗಳು ಎಷ್ಟೋ ಸಲ ಸುಂದರವಾಗಿಯೇ ಇರುತ್ತವೆ.

ಕಾರಹುಣ್ಣಿಮೆಯ ಹೊತ್ತಿಗೆ ವೈನಿ ಬಂದರು, ಬುಟ್ಟಿಯೂ ಬಂತು. ಭಾಲ್ಕಿಯ ಕಪ್ಪು ಮಣ್ಣು ಮೆತ್ತಿದ ಬದನೆ ಸಸಿಗಳು. ಅವ್ವ ಬಾವಿಯ ಬದಿಗೆ, ನೀರು ಮೊದಲು ಬಂದು ಬೀಳುವ ಮಡಿಯಲ್ಲೇ ಅವನ್ನು ಊರಿಸಿದಳು. ಅದು ಗೌರವದ ಜಾಗ. ಎತ್ತುಗಳು ಚರ್ಮದ ಮೋಟ ಎಳೆದಾಗ ನೀರು ಮೊದಲು ಆ ಮಡಿಗೆ ಬಂದು, ಅಲ್ಲಿಂದ ಕಾಲುವೆ ಹಿಡಿದು ಉಳಿದ ಮಡಿಗಳಿಗೆ ಒಂದೊಂದಾಗಿ ಇಳಿಯುತ್ತಿತ್ತು. ದಿನಾಲೂ ಬರಿಗಾಲಲ್ಲಿ ನಿಂತು ನೀರು ತಿರುವುವ ಕೆಲಸ ವೈನಿಯದಾಯಿತು. ಆಗ ಅವರು ಇನ್ನೂ ಹುಡುಗಿ. ಸೀರೆಯ ನಿರಿಗೆ ಸಿಕ್ಕಿಸಿ, ಕೆಸರಲ್ಲಿ ನಿಂತು, ನಾನು ಆ ಕಡೆ ಹೋದರೆ ಚೇಷ್ಟೆ ಮಾಡುತ್ತಿದ್ದರು. ಅಷ್ಟು ದಪ್ಪ ಪುಸ್ತಕ ಓದಿದವರಿಗೆ ಒಂದು ಕಾಲುವೆ ತಿರುವಲು ಬರುತ್ತದೋ ಇಲ್ಲವೋ ಎಂದು ಕೇಳುತ್ತಿದ್ದರು. ನನಗೆ ಬರುತ್ತಿರಲಿಲ್ಲ.

ಪಂಚಮಿಗೆ ನನ್ನ ತಂಗಿ ಸುಭದ್ರಾ ಡಾಬಕಾದಿಂದ ಬಂದಳು. ಹಿಂದಿನ ವರ್ಷ ಅವಳನ್ನು ಅಲ್ಲಿಗೆ ಕೊಟ್ಟಿದ್ದೆವು. ಈ ಸಲ ಹಬ್ಬ ಮುಗಿಸಿ ಹೊರಡುವಾಗ ಅವ್ವ ಅವಳ ಮಡಿಲಿಗೆ ಅಕ್ಕಿ, ಬೆಲ್ಲ, ಕುಪ್ಪಸದ ಕಣ ಹಾಕಿ, ಜೊತೆಗೆ ಒಂದು ಬುಟ್ಟಿ ಸಸಿಯನ್ನೂ ಕೊಟ್ಟಳು. ವೈನಿ ತಂದ ಸಸಿ ಅಷ್ಟು ಸೊಂಪಾಗಿ ಎದ್ದಿತ್ತು, ಅದರಿಂದಲೇ ನಾಲ್ಕು ಕಿತ್ತು, ಮಣ್ಣು ಉದುರದಂತೆ ಬಾಳೆಲೆ ಸುತ್ತಿ ಇಟ್ಟಳು. ಇದನ್ನು ಈಗಲೇ ಹೇಳಿಬಿಟ್ಟಿದ್ದೇನೆ, ನೆನಪಿಡಿ. ಆ ಬುಟ್ಟಿಯ ನೆನಪು ನಮ್ಮಲ್ಲಿ ಯಾರಿಗೂ ಬಹಳ ದಿನ ಬರಲಿಲ್ಲ.

ಪಂಚಮಿ ಮುಗಿದ ಮೇಲೆ ಒಂದು ಮಧ್ಯಾಹ್ನ ಬಾವಿಯ ಬದಿಯ ಒಂದು ಗಿಡ ತಲೆ ಬಾಗಿಸಿತು. ಎಲೆ ಹಳದಿಯಾಗಿರಲಿಲ್ಲ, ಹುಳ ತಿಂದಿರಲಿಲ್ಲ. ಅಚ್ಚ ಹಸಿರಾಗಿಯೇ, ಬಿಸಿಲಿಗೆ ದಣಿದವರು ಕೈ ಇಳಿಬಿಟ್ಟಂತೆ ಎಲೆ ಇಳಿಬಿಟ್ಟಿತ್ತು. ಸಂಜೆಗೆ ಎದ್ದು ನಿಂತಿತು. ಮರುದಿನ ಮತ್ತೆ ಬಿತ್ತು, ಮತ್ತೆ ಎದ್ದಿತು. ಆಮೇಲೆ ಏಳಲೇ ಇಲ್ಲ. ಬುಡದಲ್ಲಿ ನೀರು ನಿಂತಿದೆ, ಗಿಡ ಬಾಯಾರಿ ಸಾಯುತ್ತಿದೆ. ಇದನ್ನು ನೋಡಿದವರಿಗೆ ರೋಗ ಅನ್ನಿಸುವುದಿಲ್ಲ, ಶಾಪ ಅನ್ನಿಸುತ್ತದೆ. ಅದರ ಪಕ್ಕದ್ದು ಬಿತ್ತು, ಅದರ ಪಕ್ಕದ್ದು. ಬಿದ್ದ ಗಿಡಗಳ ಸಾಲು ಕಾಲುವೆಯ ಗುಂಟ ಇಳಿಯುತ್ತ ಹೋಯಿತು, ಯಾರೋ ನಡೆದುಕೊಂಡು ಹೋದ ಹಾಗೆ.

ಯಾರು ನಡೆದರು ಎಂಬ ಪ್ರಶ್ನೆಗೆ ಊರಿನ ಬಳಿ ಉತ್ತರ ತಯಾರಾಗಿತ್ತು. ಆ ಮಡಿಗಳಲ್ಲಿ ದಿನಾಲೂ ನಡೆಯುತ್ತಿದ್ದವಳು ಹೊಸ ಸೊಸೆ. ಮೊದಲ ಗಿಡ ಬಿದ್ದದ್ದು ಆಕೆ ನಿಲ್ಲುವ ಜಾಗದಲ್ಲಿ. ನೀರಿಗೆ ಬಂದ ಹೆಂಗಸರು ಕಾಲ್ಗುಣದ ಮಾತು ತೆಗೆದರು. ಕಮಲನಗರದ ಸಂತೆಯಲ್ಲಿ ಯಾರೋ ಅಣ್ಣನನ್ನೇ ನಿಲ್ಲಿಸಿ, ಹೆಂಡತಿಯನ್ನು ಹೊಲದ ಕಡೆಗಾದರೂ ಕರೆದೊಯ್ಯಬೇಡ ಎಂದರಂತೆ. ನಾವು ಶಕುನ, ಮುಹೂರ್ತ ನೋಡದ ಶರಣರ ಮಾರ್ಗದವರು. ಅವ್ವ ದಿನಾ ಲಿಂಗಪೂಜೆ ಮುಗಿಸದೆ ನೀರು ಮುಟ್ಟುವವಳಲ್ಲ. ಬೇರೆಯವರ ಮನೆಯ ವಿಷಯದಲ್ಲಿ ಕಾಲ್ಗುಣ ಎಂದವರನ್ನು ಬೈದದ್ದನ್ನು ನಾನೇ ಕೇಳಿದ್ದೆ. ಆದರೆ ಮಠಕ್ಕೆ ಆ ವಾರ ಬುಟ್ಟಿ ಹೋಗಲಿಲ್ಲ. ಮುಂದಿನ ವಾರವೂ ಹೋಗಲಿಲ್ಲ. ಮನುಷ್ಯ ತನ್ನ ಹೆಮ್ಮೆಗೆ ಪೆಟ್ಟು ಬಿದ್ದಾಗ ತಾನು ನಂಬದ್ದನ್ನೂ ನಂಬುತ್ತಾನೆ.

ಅವ್ವ ವೈನಿಗೆ ಕೂಗಾಡಲಿಲ್ಲ. ಅದಕ್ಕಿಂತ ಕೆಟ್ಟದ್ದು, ಮೆತ್ತಗೆ ಹೇಳಿದಳು. “ನೀ ಇನ್ನ ತ್ವಾಟದಾಗ ಕಾಲ್ ಇಡಬ್ಯಾಡ. ಮನ್ಯಾಗ ಕೆಲಸ ಬೇಕಾದಷ್ಟವ.” ಆಮೇಲೆ ಅಣ್ಣನಿಗೆ, ಮಹಾನವಮಿಗೆ ಭಾಲ್ಕಿಯವರು ಬಂದು ಮಗಳನ್ನು ಕರೆದೊಯ್ಯಲಿ ಎಂದು ಹೇಳಿಕಳಿಸಲು ಹೇಳಿದಳು. ಹಬ್ಬಕ್ಕೆ ತವರಿಗೆ ಹೋಗುವುದು ಇದ್ದದ್ದೇ. ಆದರೆ ಯಾವಾಗ ಮರಳಿ ಕರೆಸುವುದೆಂದು ಆಕೆ ಹೇಳಲಿಲ್ಲ. ನಮ್ಮ ಕಡೆ ಅದರ ಅರ್ಥ ಎಲ್ಲರಿಗೂ ಗೊತ್ತು. ಹಾಗೆ ಹೋದವರು ತವರಿನ ಪಡಸಾಲೆಯಲ್ಲಿ ಮುದುಕಿಯರಾದದ್ದನ್ನು ನಾನು ಕಂಡಿದ್ದೇನೆ. ಅಣ್ಣ ತಲೆ ಕೆಳಗೆ ಹಾಕಿ ಹೂಂ ಎಂದ. ಅವನು ಒಳ್ಳೆಯವನು, ಆದರೆ ಅವ್ವನ ಮುಂದೆ ಹೂಂ ಬಿಟ್ಟು ಬೇರೆ ಶಬ್ದ ಕಲಿತವನಲ್ಲ. ನಾನೂ ಅಲ್ಲ.

ಈಗ ವೈನಿಯ ಮಾತಿಗೆ ಬರುತ್ತೇನೆ. ಹೇಳಿಕಳಿಸುವ ಮಾತಾದ ಮರುದಿನವೋ ಅದರ ಮರುದಿನವೋ, ನಾನು ಪಡಸಾಲೆಯಲ್ಲಿ ಓದುತ್ತ ಕೂತಿದ್ದೆ. ವೈನಿ ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ಮುಖ ಎತ್ತದೆ ಕೇಳಿದರು.

“ಒಂದ್ ಮಾತು ಕೇಳ್ತೇನಿ, ಸಿಟ್ಟ್ ಆಗಬ್ಯಾಡ್ರಿ. ನಾ ಕಾಲ್ ಇಡೂದು ಬಿಟ್ಟ ಮ್ಯಾಲೂ ಅದು ಹೊಂಟದಲ್ಲರಿ. ಹಂಗಾದ್ರ ಯಾರ ಕಾಲಿಂದ ಹೊಂಟದ?”

ನಾನು ಪುಸ್ತಕ ಮುಚ್ಚಿದೆ. ಸಸ್ಯಶಾಸ್ತ್ರ ಓದಿದವನು ನಾನು. ಅದನ್ನು ಓದಿದ್ದು ಉರ್ದುವಿನಲ್ಲಿ, ಹೈದರಾಬಾದಿನಲ್ಲಿ ಆಗ ವಿಜ್ಞಾನವೆಲ್ಲ ಉರ್ದುವಿನಲ್ಲೇ ನಡೆಯುತ್ತಿತ್ತು. ಜರಾಸೀಮ್ ಎಂಬ ಶಬ್ದ ನನಗೆ ಗೊತ್ತಿತ್ತು. ಕಣ್ಣಿಗೆ ಕಾಣದ ಜೀವಿಗಳು, ಮನುಷ್ಯರಿಗಷ್ಟೇ ಅಲ್ಲ, ಗಿಡಕ್ಕೂ ರೋಗ ತರುತ್ತವೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೆ ಪರೀಕ್ಷೆಯಲ್ಲಿ ಬರೆದದ್ದು ನಮ್ಮ ಬಾವಿಯ ಪಕ್ಕಕ್ಕೂ ಬರಬಹುದೆಂದು ಆ ತನಕ ನನಗೆ ಹೊಳೆದಿರಲಿಲ್ಲ. ವೈನಿಗೆ ಹೇಳೋಣವೆಂದರೆ ಜರಾಸೀಮಿಗೆ ನನ್ನ ಹತ್ತಿರ ಕನ್ನಡ ಇರಲಿಲ್ಲ. ಹುಳ ಎಂದರೆ ಹುಳ ಎಲ್ಲಿ, ತೋರಿಸು ಎನ್ನುತ್ತಾರೆ. ಕೊನೆಗೆ, ಹೆಪ್ಪು ಹಾಕಿದಾಗ ಹಾಲನ್ನು ಮೊಸರು ಮಾಡುವಂಥದ್ದು ಏನೋ ಇರುತ್ತದಲ್ಲ, ಅಂಥದ್ದರ ಜಾತಿ ಎಂದೆ. ಕಣ್ಣಿಗೆ ಕಾಣುವುದಿಲ್ಲ ಎಂದೆ.

“ಕಾಣೂದಿಲ್ಲ ಅಂದ್ರ ಅತ್ತಿ ಹ್ಯಾಂಗ ನಂಬ್ತಾರ್ರಿ?” ಎಂದರು ವೈನಿ.

ಮರುದಿನ ಒಂದು ಗಿಡವನ್ನು ಬೇರು ಸಮೇತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಬೀದರಕ್ಕೆ ಹೊರಟೆ. ಔರಾದವರೆಗೆ ಬಂಡಿ, ಅಲ್ಲಿಂದ ಬಾಡಿಗೆ ಮೋಟಾರು. ಪಕ್ಕದಲ್ಲಿ ಕೂತವರು ತೊಡೆಯ ಮೇಲಿನ ಗಂಟಿನಲ್ಲಿ ಏನಿದೆ ಎಂದು ಕೇಳಿದಾಗ ಬದನೆ ಗಿಡ ಎಂದೆ. ಎಲ್ಲಿಗೆ ಎಂದರು. ಡಾಕ್ಟರರಿಗೆ ತೋರಿಸಲು ಎಂದೆ. ಅವರು ಸ್ವಲ್ಪ ಆಚೆ ಸರಿದು ಕೂತರು.

ಬೀದರದ ಚೌಬಾರ ಗೋಪುರದ ಹತ್ತಿರ ವಯಸ್ಸಾದ ಒಬ್ಬ ಡಾಕ್ಟರ ಸಾಹೇಬರಿದ್ದರು. ಸರಕಾರಿ ನೌಕರಿಯಿಂದ ನಿವೃತ್ತರಾಗಿ ಮನೆಯ ಮುಂಭಾಗದಲ್ಲೇ ದವಾಖಾನೆ ಇಟ್ಟುಕೊಂಡಿದ್ದರು. ಅವರ ಬಳಿ ಒಂದು ಹಿತ್ತಾಳೆಯ ಸೂಕ್ಷ್ಮದರ್ಶಕವಿತ್ತು, ಖುರ್ದಬೀನು ಎನ್ನುತ್ತಿದ್ದರು. ಜ್ವರದವರ ರಕ್ತದ ಹನಿ ನೋಡಲು ಇಟ್ಟುಕೊಂಡದ್ದು. ನಾನು ಮೇಜಿನ ಮೇಲೆ ಗಂಟು ಬಿಚ್ಚಿದೆ. ಅವರು ಕನ್ನಡಕ ಏರಿಸಿ ಗಿಡವನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದರು.

“ಅರೆ ಮಿಯಾಂ, ಆದ್ಮಿಗಳೆಲ್ಲಾ ಖತಂ ಆದ್ರೇನು? ಈಗ ಬೈಂಗನದ ನಾಡಿ ನೋಡಬೇಕಾ?”

ಆದರೆ ಅವರಿಗೆ ಕುತೂಹಲ ಹುಟ್ಟಿತ್ತು. ಗಿಡದ ಕಾಂಡವನ್ನು ಅಡ್ಡ ಕತ್ತರಿಸಿ ಒಂದು ತೆಳು ಬಿಲ್ಲೆಯನ್ನು ಗಾಜಿನ ಮೇಲೆ ನೀರಿನ ಹನಿಯಲ್ಲಿಟ್ಟರು. ಖುರ್ದಬೀನಿಗೆ ಇಡುವ ಮೊದಲೇ ಇಬ್ಬರಿಗೂ ಕಂಡಿತು, ಬಿಲ್ಲೆಯ ಅಂಚಿನಿಂದ ಒಂದು ಬಿಳಿ ಮಂಜು ಹೊರಬಂದು ಹನಿಯಲ್ಲಿ ಹರಡುತ್ತಿತ್ತು. ಸಾಹೇಬರು ಬಹಳ ಹೊತ್ತು ಕಣ್ಣು ಇಟ್ಟು ನೋಡಿದರು. ಆಮೇಲೆ ನನ್ನನ್ನು ಕರೆದು ನೋಡಲು ಹೇಳಿದರು.

ನಾನು ಏನು ಕಂಡೆ? ಇಲ್ಲಿ ನನ್ನ ಮೇಲೆ ನನಗೇ ಅನುಮಾನ. ಮೊದಲು ಕಂಡದ್ದು ನನ್ನ ರೆಪ್ಪೆಯ ಕೂದಲು. ಆಮೇಲೆ ಬೆಳಕಿನ ಒಂದು ದುಂಡು, ಅದರಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಚುಕ್ಕೆಗಳು, ಎಲ್ಲವೂ ನಡುಗುತ್ತಿದ್ದವು. ಸಾಹೇಬರೇ, ಇವಕ್ಕೆ ಜೀವ ಇದೆ, ಅಲ್ಲಾಡುತ್ತಿವೆ ಎಂದು ಸಂತೋಷದಿಂದ ಹೇಳಿದೆ. ಅವರು ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು ನನಗೆ ಜೀವನದಲ್ಲಿ ಬೇರೆ ಕಡೆಗೂ ಉಪಯೋಗಕ್ಕೆ ಬಂದಿದೆ.

“ನಡುಗೋದು ಬ್ಯಾರೆ, ನಡೆಯೋದು ಬ್ಯಾರೆ. ನೀರಿನಾಗ ಸಣ್ಣದು ಏನು ಹಾಕಿದ್ರೂ ನಡುಗ್ತದ, ಧೂಳು ಸಹಿತ ನಡುಗ್ತದ. ಅದಕ್ಕ ಜಾನ್ ಅದ ಅಂತಲ್ಲ. ಎಲ್ಲಿಗೋ ಹೊಂಟದಲ್ಲ, ಅಂಥಾದ್ದು ಹುಡುಕ್ರಿ.”

ಹುಡುಕಿದೆ. ನಡುಗುವ ಗುಂಪಿನ ನಡುವೆ ಒಂದು ಚುಕ್ಕೆ ನೆಟ್ಟಗೆ ದಾರಿ ಮಾಡಿಕೊಂಡು ಹೋಯಿತು. ನಿಂತಿತು, ಹೊರಳಿತು, ಬೇರೆ ಕಡೆ ಹೋಯಿತು. ಇನ್ನೊಂದು ಹೋಯಿತು. ಅಥವಾ ಹೋದದ್ದು ಕಂಡಿತು ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಅವಕ್ಕೆ ಕಾಲು ಇವೆಯೇ ಎಂದು ಕೇಳಿದೆ. ಮನೆಯಲ್ಲಿ ಕಾಲಿನದೇ ಮಾತು ನಡೆದಿತ್ತಲ್ಲ. ಕಾಲಿಲ್ಲ, ಬಾಲವಿದೆ, ಕೂದಲಿಗಿಂತ ಸಪೂರ, ಅದನ್ನು ಬಡಿದು ಈಜುತ್ತವೆ ಎಂದರು. ಬಾಲ ತಮ್ಮ ಖುರ್ದಬೀನಿನಲ್ಲಿ ಕಾಣುವುದಿಲ್ಲ, ಕಿತಾಬಿನಲ್ಲಿ ನೋಡಿದ್ದು ಎಂಬುದನ್ನೂ ಪ್ರಾಮಾಣಿಕವಾಗಿ ಸೇರಿಸಿದರು.

ಗಿಡಗಳ ವೈದ್ಯ ತಮಗೆ ಗೊತ್ತಿಲ್ಲವೆಂದೂ ಹೇಳಿದರು. ಆದರೆ ಕಾಲರಾ ಗೊತ್ತಿತ್ತು. ಜಾತ್ರೆಯ ಹೊತ್ತಿಗೆ ಬೀದರದಲ್ಲಿ ಕಾಲರಾ ಎಷ್ಟು ಸಲ ನೋಡಿದ್ದೆನೋ ಎಂದು ತಲೆ ಅಲ್ಲಾಡಿಸಿದರು. ಅದೂ ಇಂಥ ಈಜುವ ಪೈಕಿಯೇ. ಅದರ ದಾರಿಯೂ ನೀರೇ. ಬೇರಿನಿಂದ ಮಣ್ಣಿಗೆ ಏನೋ ಸಣ್ಣಗೆ ಒಸರುತ್ತಿರಬೇಕು, ತಿನಿಸಿನ ಕಡೆಗೆ ಇವು ಈಜುತ್ತವೆ. ಬೇರಿನ ಗಾಯದಲ್ಲಿ ನುಗ್ಗಿ, ಗಿಡ ನೀರು ಕುಡಿಯುವ ಕೊಳವೆಯಲ್ಲಿ ಸೇರಿಕೊಂಡರೆ ಅಲ್ಲಿ ಬೆಳೆದು ಬೆಳೆದು ಕೊಳವೆಯನ್ನೇ ಕಟ್ಟಿಬಿಡುತ್ತವೆ. ಬುಡದಲ್ಲಿ ನೀರಿದ್ದೂ ಗಿಡ ಬಾಯಾರಿ ಸತ್ತದ್ದು ಅದಕ್ಕೆ. ಹಾಗಾದರೆ ಬಾವಿಯ ಬದಿಯಿಂದ ತೋಟದ ತುದಿಯವರೆಗೆ ಈಜಿಕೊಂಡು ಹೋದವೇ ಎಂದು ಕೇಳಿದೆ. ಅವರು ನಕ್ಕರು.

“ತಾನಾಗೇ ಹೋದ್ರ ಒಂದು ಬೆರಳಗಲ, ಅದೂ ಮಣ್ಣು ಹಸಿ ಇದ್ರ. ಬಾಕಿ ರಸ್ತಾ ಎಲ್ಲಾ ನಮ್ಮ ಮ್ಯಾಲೇ ಸವಾರಿ. ನಿಮ್ಮ ಕಾಲುವಿ, ನಿಮ್ಮ ಗುದ್ದಲಿ, ನಿಮ್ಮ ಬುಟ್ಟಿ. ಕಡೇ ಬೆರಳಗಲ ಮಾತ್ರ ಅದು ಈಜ್ತದ. ಆದ್ರ ಆ ಬೆರಳಗಲ ಇಲ್ಲದಿದ್ರ ಬೇರಿಗೆ ಮುಟ್ಟೋದೇ ಇಲ್ಲ.”

ಬುಟ್ಟಿ ಎಂದರು. ಅವರು ಸಹಜವಾಗಿ ಹೇಳಿದ ಶಬ್ದ. ನನ್ನ ಸಂತೋಷ ಅಲ್ಲಿಗೆ ಮುಗಿಯಿತು. ವೈನಿಯನ್ನು ಬಿಡಿಸಲು ಬಂದವನು ನಾನು. ಈ ವಿದ್ಯೆ ವೈನಿಯ ಕಾಲನ್ನು ಬಿಡಿಸಿತು, ಬುಟ್ಟಿಯನ್ನು ಹಿಡಿಯಿತು. ಮೊದಲ ಗಿಡ ಬಿದ್ದದ್ದು ಭಾಲ್ಕಿಯ ಮಣ್ಣಿನಲ್ಲಿ. ಹೀಗೆಂದು ಅವ್ವನಿಗೆ ಹೇಳಿದರೆ, ಕಾಲ್ಗುಣವಲ್ಲ, ಮನೆತನದ ಗುಣ ಎಂದಾಗುತ್ತದೆ, ಅಷ್ಟೇ. ಮೋಟಾರಿನಲ್ಲಿ ಮರಳುವಾಗ ಮಣ್ಣಿನ ಮಾತು ಬಿಟ್ಟು ಉಳಿದದ್ದು ಮಾತ್ರ ಹೇಳಿದರೆ ಹೇಗೆ ಎಂದು ಯೋಚಿಸುತ್ತಲೇ ಬಂದೆ. ಸಾಹೇಬರು ಹೊರಡುವಾಗ ಔಷಧದ ಒಂದು ಖಾಲಿ ಸೀಸೆ ತೊಳೆದು ಕೊಟ್ಟಿದ್ದರು. ಬಗಲಿನ ಚೀಲದಲ್ಲಿ ಅದನ್ನು ಒಡೆಯದಂತೆ ಹಿಡಿದಿದ್ದೆ. ನಿಮ್ಮ ತಾಯಿಯ ಹತ್ತಿರ ಖುರ್ದಬೀನಿಲ್ಲ, ಇದರಲ್ಲಿ ತೋರಿಸಿರಿ ಎಂದಿದ್ದರು. ಆ ಮಾತಿಗೆ, ಆ ಸೀಸೆಗೆ ನಾನು ಅವರಿಗೆ ಋಣಿ. ನನ್ನಿಂದ ಏನನ್ನೂ ತೆಗೆದುಕೊಳ್ಳದೆ, ಮಠಕ್ಕೆ ಬುಟ್ಟಿ ಮತ್ತೆ ಹೋದರೆ ನನಗೂ ನಾಲ್ಕು ಕಳಿಸಿ ಎಂದಿದ್ದರು.

ಮನೆಯಲ್ಲಿ ಅವ್ವ, ವೈನಿ, ಅಣ್ಣ ಮೂವರೂ ಅಂಗಳದಲ್ಲಿ ಕೂತರು. ಸೀಸೆಯಲ್ಲಿ ತಿಳಿನೀರು ತುಂಬಿದೆ. ಬಾಡಿದ ಗಿಡದ ಕಾಂಡ ಕತ್ತರಿಸಿ, ಕೊಯ್ದ ತುದಿ ನೀರಿಗೆ ತಾಗುವಂತೆ ಹಿಡಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ತುದಿಯಿಂದ ಒಂದು ಬಿಳಿ ಎಳೆ ಇಳಿಯಿತು, ನೂಲಿನಷ್ಟು ಸಣ್ಣದು, ನೆಟ್ಟಗೆ ಸೀಸೆಯ ತಳಕ್ಕೆ. ಅದರ ಹಿಂದೆ ಇನ್ನೊಂದು. ಆರೋಗ್ಯವಾಗಿದ್ದ ಗಿಡದ ಕಾಂಡ ಇಟ್ಟಾಗ ನೀರು ತಿಳಿಯಾಗಿಯೇ ಉಳಿಯಿತು.

ಇದು ಹಾಲೇನು ಎಂದು ಅಣ್ಣ ಕೇಳಿದ. ನಾನು ಜರಾಸೀಮಿನ ಕತೆ ಹೇಳಿದೆ. ಅವ್ವ ಸೀಸೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದಳು. “ಇಷ್ಟ್ ಮಂದಿ ಒಂದ್ ಕಡ್ಡ್ಯಾಗ ಅದಾರೇನು?” ಎಂದಳು. ಅವಳ ಬಾಯಲ್ಲಿ ಜರಾಸೀಮ್‌ಗಳು ಮಂದಿ ಆಗಿಬಿಟ್ಟಿದ್ದರು. ನೀರು, ಗುದ್ದಲಿ, ಕಾಲುವೆ ಎಲ್ಲ ಹೇಳಿದೆ. ಬುಟ್ಟಿ ಹೇಳಲಿಲ್ಲ.

ಹೇಳಿದ್ದು ವೈನಿ. ಕೂತಲ್ಲಿಂದಲೇ, ದನಿ ಏರಿಸದೆ. “ಹಂಗಾದ್ರ ಇದು ನಮ್ಮ ತವರಮನಿ ಮಣ್ಣಿನಾಗ ಬಂದದರಿ ಅತ್ತಿ. ಮೊದಲ ಬಿದ್ದದ್ದು ಅದೇ ಮಡಿ.”

ನಾನು ಸೀಸೆಯನ್ನು ನೋಡುತ್ತಿದ್ದೆ. ಅವ್ವನ ಮುಖ ನೋಡುವ ಧೈರ್ಯವಿರಲಿಲ್ಲ. ಅವ್ವ ಆಡಿದ್ದು ನಾನು ಕಾದ ಮಾತಲ್ಲ.

“ಸುಭದ್ರಾಗ ನಾ ಯಾವ್ ಮಡ್ಯಾಂದು ಕಿತ್ತು ಕೊಟ್ಟಿದ್ದೆ?”

ಬಾಳೆಲೆ ಸುತ್ತಿ, ಮಣ್ಣು ಉದುರದಂತೆ ಇಟ್ಟವಳು ಆಕೆಯೇ. ಡಾಬಕಾದಲ್ಲಿ ಒಂದು ತೋಟವಿತ್ತು, ಒಬ್ಬ ಅತ್ತೆಯಿದ್ದಳು, ಮದುವೆಯಾಗಿ ವರ್ಷ ಕಳೆದ ಒಬ್ಬ ಸೊಸೆಯಿದ್ದಳು. ಅಲ್ಲಿಯೂ ಬಾವಿಗೆ ಹೆಂಗಸರು ನೀರಿಗೆ ಬರುತ್ತಿದ್ದರು. ಅವ್ವ ಎದ್ದು ಸೆರಗು ಸಿಕ್ಕಿಸಿದಳು. ಬಂಡಿ ಕಟ್ಟಲು ಅಣ್ಣನಿಗೆ ಹೇಳಿದಳು. ವೈನಿಗೆ, “ಸೀಸಾ ತಗೊ, ನಡಿ” ಎಂದಳು. ನನ್ನನ್ನು ಕರೆಯಲಿಲ್ಲ. ನಾನೇ ಹತ್ತಿ ಕೂತೆ.

ಡಾಬಕಾದ ಬೀಗಿತ್ತಿ, ಅಂದರೆ ಸುಭದ್ರಾಳ ಅತ್ತೆ, ಮಾತಿಗೆ ಖಡಕ್ಕು. ಅರ್ಧ ಮರಾಠಿ, ಅರ್ಧ ಕನ್ನಡ. ನಾವು ಹೋದಾಗ ಅವರ ತೋಟದಲ್ಲಿ ಎರಡೋ ಮೂರೋ ಗಿಡ ಆಗಲೇ ಎಲೆ ಇಳಿಬಿಟ್ಟಿದ್ದವು. ಸುಭದ್ರಾ ಬಾಗಿಲ ಹಿಂದಿನಿಂದ ನಮ್ಮನ್ನು ನೋಡಿದ ನೋಟದಲ್ಲೇ ತಿಳಿಯಿತು, ಮಾತು ಇಲ್ಲೂ ಶುರುವಾಗಿದೆ. ಅವ್ವ ಕಾಲಿಗೆ ನೀರು ತೆಗೆದುಕೊಳ್ಳುವ ಮುಂಚೆಯೇ, ಅಂಗಳದಲ್ಲಿ ನಿಂತು ಹೇಳಿದಳು.

“ಬೀಗಿತ್ತಿ, ಇದು ನಿಮ್ಮ ಸೊಸಿ ಕಾಲಿಂದ ಬಂದಿಲ್ಲ. ನನ್ನ ಕೈಯಿಂದ ಬಂದದ. ನಾನೇ ಕಟ್ಟಿ ಕೊಟ್ಟೇನಿ, ಗೊತ್ತಿಲ್ದೆ. ಬೈಯೂದಿದ್ರ ನನಗ ಬೈರಿ.”

ವೈನಿ ಕೆಳಗೆ ಕೂತು ಸೀಸೆಗೆ ನೀರು ತುಂಬಿದರು. ಅವರ ಗಿಡದ್ದೇ ಕಾಂಡ ಕತ್ತರಿಸಿ ನೀರಿಗೆ ಹಿಡಿದು, ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು ಎಂದೇ ನನ್ನ ನೆನಪು. ಈಜುವುದು ಬೆರಳಗಲ, ಹೊತ್ತು ತಂದದ್ದು ನಾವು, ಭಾಲ್ಕಿಯಿಂದ ಎಕಂಬಾಕ್ಕೆ ನನ್ನ ತಾಯಿ, ಎಕಂಬಾದಿಂದ ಡಾಬಕಾಕ್ಕೆ ನನ್ನ ಅತ್ತೆ ಎಂದರು. ನನ್ನ ಅತ್ತೆ ಎಂದಾಗ ಅವ್ವ ತಲೆ ಆಡಿಸಿದಳು. ಬಿಳಿ ಎಳೆ ಇಳಿಯಿತು. ಬೀಗಿತ್ತಿ ಸೀಸೆಯನ್ನೂ ಅವ್ವನನ್ನೂ ನೋಡಿ, “ಇಷ್ಟ್ ದೂರ ಗಾಡಿ ಕಟ್ಕೊಂಡ್ ಬಂದು ಬೈಸ್ಕೊಳ್ಳೂ ಬೀಗಿತ್ತಿನ್ನ ನಾ ಇದೇ ಮೊದಲ ನೋಡ್ಲಕತ್ತೇನಿ” ಎಂದರು. ಆಮೇಲೆ, ಬಂದವರಿಗೆ ಊಟಕ್ಕೆ ಇಡು ಎಂದು ಸುಭದ್ರಾಳನ್ನು ಕೂಗಿದರು. ಆ ಕೂಗಿನಲ್ಲಿ ಸಿಟ್ಟಿರಲಿಲ್ಲ.

ಮುಂದಿನದು ಕತೆಯಲ್ಲ, ಕೆಲಸ. ಬಿದ್ದ ಗಿಡಗಳನ್ನು ಬೇರು ಸಮೇತ ಕಿತ್ತು ಸುಟ್ಟರು. ಆ ಮಡಿಗಳಿಗೆ ನೀರಿನ ದಾರಿ ಕಟ್ಟಿ, ಬದನೆ ಬಿಟ್ಟು ಜೋಳ ಹಾಕಿದರು. ಆ ವರ್ಷ ಮಠಕ್ಕೆ ಬದನೆ ಹೋಗಲಿಲ್ಲ, ಅವರೆ ಹೋಯಿತು. ನಮ್ಮ ಮನೆತನಗಳಲ್ಲಿ ಹೆಣ್ಣುಮಕ್ಕಳ ಬುಟ್ಟಿಯಲ್ಲಿ ಸಸಿ, ಮಣ್ಣು ಇಡುವುದು ನಿಂತು, ಒಣಗಿಸಿದ ಬೀಜವನ್ನು ಬಟ್ಟೆಯ ಗಂಟಿನಲ್ಲಿ ಕೊಡುವುದು ಬಂತು. ಮಹಾನವಮಿಗೆ ಭಾಲ್ಕಿಯವರು ಬಂದರು, ಉಂಡರು, ಮಗಳನ್ನು ಬಿಟ್ಟು ಹೋದರು. ಅವ್ವ ಬದುಕಿರುವವರೆಗೂ ತೋಟ ವೈನಿಯ ಕೈಯಲ್ಲೇ ಇತ್ತು.

ಇಷ್ಟನ್ನು ಬೆಳಿಗ್ಗೆ ಬರೆದೆ. ಬರೆದದ್ದು ನನಗೆ ಬಹಳ ಹಿಡಿಸಿತು. ನನಗೆ ಹಿಡಿಸಿದ ಕೂಡಲೇ ಅನುಮಾನ ಬರುತ್ತದೆ. ಈ ಕತೆಯಲ್ಲಿ ಇದ್ದವರ ಪೈಕಿ ನನ್ನ ಬಿಟ್ಟರೆ ಉಳಿದವರು ವೈನಿ ಒಬ್ಬರೇ. ಮಧ್ಯಾಹ್ನ ಊಟವಾದ ಮೇಲೆ ಅವರನ್ನು ಕೂಡಿಸಿ ಓದಿ ಹೇಳಿದೆ. ಡಾಕ್ಟರ ಸಾಹೇಬರ ನಾಡಿಯ ಮಾತಿಗೆ ನಕ್ಕರು. ಡಾಬಕಾದ ಬೀಗಿತ್ತಿಯ ಮಾತಿಗೆ ಕಣ್ಣು ಒರೆಸಿಕೊಂಡರು. ಮುಗಿದ ಮೇಲೆ ಎಲ್ಲಾದರೂ ತಪ್ಪಿದೆಯೇ ಎಂದು ಕೇಳಿದೆ.

“ತಪ್ಪೇನಿಲ್ಲರಿ. ಒಂದ್ ಬಿಟ್ಟದ. ನಿಮಗ ಗೊತ್ತಿಲ್ಲ ಅದು.”

ನಾನು ಬೀದರಕ್ಕೆ ಹೋದ ದಿನ ಅವ್ವ ಒಬ್ಬಳೇ ತೋಟದಲ್ಲಿದ್ದಳಂತೆ. ಹಿಂದಿನ ದಿನ ಮಳೆಯಾಗಿತ್ತು. ಬಹಳ ಹೊತ್ತಾದರೂ ಬರಲಿಲ್ಲ. ಬಂದವಳು ಕಾಲು ಸಹ ತೊಳೆಯದೆ, ಕೆಸರುಗಾಲಲ್ಲೇ ಅಡುಗೆಮನೆಯ ಬಾಗಿಲಿಗೆ ನಿಂತು, ಬಾ ಎಂದು ವೈನಿಯ ಕೈ ಹಿಡಿದು ತೋಟಕ್ಕೆ ಕರೆದೊಯ್ದಳಂತೆ. ಕಾಲಿಡಬೇಡ ಎಂದ ಮೇಲೆ ಅದೇ ಮೊದಲ ಸಲ. ಹೊಸದಾಗಿ ಬಿದ್ದ ಗಿಡಗಳ ಬುಡದಲ್ಲಿ ಒದ್ದೆ ಮಣ್ಣಿನ ಮೇಲೆ ಹೆಜ್ಜೆಗಳಿದ್ದವು.

“ನೋಡು, ಇವು ಯಾರ ಹೆಜ್ಜಿ ಅಂದ್ರು. ನಿಮ್ಮವೇ ರಿ ಅಂದೆ. ನಿನ್ನವು ಎಲ್ಲಿ ಅವ ಅಂದ್ರು. ಇಲ್ಲರಿ ಅಂದೆ. ಹಂಗಾದ್ರ ನೀ ಎಲ್ಲೀಗೂ ಹೋಗೂದಿಲ್ಲ ಅಂದ್ರು. ಅಷ್ಟೇ. ಮ್ಯಾಲ ನೀವು ಸೀಸಾ ತಗೊಂಡ್ ಬಂದ್ರಿ.”

ಅಂದರೆ ನಾನು ಮೋಟಾರಿನಲ್ಲಿ ಕೂತು ಬುಟ್ಟಿಯ ಚಿಂತೆ ಮಾಡುತ್ತ ಬರುತ್ತಿದ್ದಾಗ ಮನೆಯಲ್ಲಿ ತೀರ್ಪು ಆಗಿಹೋಗಿತ್ತು. ತವರಿನ ಮಣ್ಣಿನ ಮಾತನ್ನು ವೈನಿ ಅಷ್ಟು ನೆಟ್ಟಗೆ ಆಡಿದ್ದು ಹೇಗೆ ಎಂಬುದು ನನಗೆ ಈಗ ತಿಳಿಯಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ.

“ಅತ್ತೀನೇ ಅಂದ್ರು, ಹೇಳಬ್ಯಾಡ, ಹುಡುಗ ಅಷ್ಟ್ ದೂರ ಹೋಗಿ ಬಂದಾನ ಅಂತ. ಸೀಸಾ ಬೇಕಾಗಿದ್ದು ನನಗಲ್ಲರಿ, ಸುಭದ್ರಾಗ. ಸುಭದ್ರಾನ ಅತ್ತಿ ತನ್ನ ಹೆಜ್ಜಿ ತಾ ನೋಡ್ಕೊಳ್ಳೂ ಪೈಕಿ ಅಲ್ಲ.”

ನಾನು ಬೀದರದ ಸಾಹೇಬರಿಗೆ ಋಣಿ ಎಂದು ಬರೆದಿದ್ದೇನೆ, ಅದು ನಿಜ, ಹಾಗೇ ಇರಲಿ. ಒಳಗೊಳಗೆ ನನ್ನ ವಿದ್ಯೆಗೂ ಒಂದು ಪಾಲು ಕೊಟ್ಟುಕೊಂಡಿದ್ದೆ, ಅದನ್ನು ಹಿಂದೆ ತೆಗೆದುಕೊಂಡೆ. ಖುರ್ದಬೀನಿಲ್ಲದೆ, ಉರ್ದು ಇಲ್ಲದೆ, ಕೆಸರಿನಲ್ಲಿ ಬಗ್ಗಿ ತನ್ನದೇ ಹೆಜ್ಜೆಯನ್ನು ಗುರುತಿಸಿ, ಮಗನ ಹಿಗ್ಗು ಕೆಡದಂತೆ ಅದನ್ನು ಮುಚ್ಚಿಟ್ಟವಳ ಹೊಟ್ಟೆಯಲ್ಲಿ ನಾನು ಹುಟ್ಟಿದ್ದೆ. ಅದು ಗೊತ್ತಾಗಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ವೈನಿ ಎದ್ದು ಒಳಗೆ ಹೋಗಿ ಚೀಲಕ್ಕೆ ಸೀರೆ ಮಡಚಿ ಇಡತೊಡಗಿದರು. ನಾಳೆ ಬೆಳಗಿನ ಬಸ್ಸಿಗೆ ಭಾಲ್ಕಿ. ಬಾಗಿಲಲ್ಲಿ ನಿಂತು, ಇನ್ನು ನಾಲ್ಕು ದಿನ ಇದ್ದು ಹೋಗಿ ಎಂದೆ. ಅವರು ತಿರುಗಿ ನೋಡಿದರು. ಬರಬೇಡಿ ಎಂದು ಎಂದೂ ಅಂದವನಲ್ಲ, ಆದರೆ ಇರಿ ಎಂದು ಕೇಳಿದ್ದೂ ಇದೇ ಮೊದಲು. ಸೀರೆಯನ್ನು ಚೀಲದಿಂದ ತೆಗೆದು ಮತ್ತೆ ಗೂಟಕ್ಕೆ ಹಾಕಿದರು.